ಗಾಲ್ಫ್ ಹುಲ್ಲಿನ ಮೇಲೆ ಕುರಿಮಂದೆ

ಹಿತ್ತಲ ಗೇಟು ತೆಗೆದವಳೇ ಕಿರುಚಿಬಿಟ್ಟೆ. ಎಪ್ಪತ್ತರ ದಶಕದ ಮಾತು. ಮಾರಿಷಸ್‌ಗೆ ರಜೆಗೆ ಹೋಗುವ ಮುಂಚೆ ಗಾಲ್ಫ್ ಅಭ್ಯಾಸಕ್ಕೆಂದು ಚಿತ್ರದುರ್ಗದ ನಮ್ಮ ಮನೆ ಹಿಂದಿನ ತುಂಡು ಹೊಲದಲ್ಲಿ ಗಂಡ ನೀರು ಹೊತ್ತು ಬೆಳೆಸಿದ್ದ ಹುಲ್ಲು ಮಾಯ! ನೆಲದ ತುಂಬ ಹಿಕ್ಕೆ, ಅದರ ಮೇಲೆ ಕುರಿಹಿಂಡು. ಪಾಸ್‌ಪೋರ್ಟಿಗೆಂದು ಬೆಂಗಳೂರಿಗೆ ಹೋಗಿ ಬರುವಷ್ಟರಲ್ಲಿ ಇಷ್ಟೆಲ್ಲ.

ಗಂಡ ಬೆಂಗಳೂರಿಂದ ತಂದ ಹೊಸ ಗಾಲ್ಫ್ ಕೋಲನ್ನೇ ಎತ್ತಿಕೊಂಡು ನುಗ್ಗಿದರು. ಹಿಂಡಿನ ನಡುವೆ ಮಲಗಿದ್ದ, ಪಕ್ಕದ ಮದಕರಿಪುರದ ಕುರಿಗಾಹಿ ಕಂಬಳಿ ಕೊಡವಿ ನಗುತ್ತ ಎದ್ದ.

"ಬರ್ರಿ ಸಾಹೇಬ್ರೆ. ಹೆರಿಗೆಗೆ ಜೀಪಲ್ಲಿ ಕರ್ಕೊಂಡೋಗಿ ನನ್ನ ಹೆಂಡ್ತಿ ಜೀವ ಉಳಿಸಿದ್ರಿ. ಅದ್ಕೇ ನಿಮ್ಮ ಹೊಲಕ್ಕೆ ಪುಕ್ಕಟೆ ಮಂದೆ ನಿಲ್ಸೀನಿ. ಗೊಬ್ಬರ ಭರ್ಜರಿ ಬಿದ್ದೈತೆ, ಇನ್ನ ಬಿತ್ರಿ!"

ಗಂಡ ಕೋಲನ್ನು ಮೆಲ್ಲಗೆ ಬೆನ್ನ ಹಿಂದೆ ಬಚ್ಚಿಟ್ಟರು.

ಮುಂದೆ ಮಾರಿಷಸ್‌ನಲ್ಲಿ, ಜ್ವಾಲಾಮುಖಿ ಉಗುಳಿದ ಕರಿಕಲ್ಲುಗಳ ನಡುವೆ ಹಸಿರು ಗಾಲ್ಫ್ ಮೈದಾನ ಕಂಡು ಅವರು ನಿಂತೇಬಿಟ್ಟರು. "ಪಾಪ ಕಣೇ, ಇವರಿಗೆ ಮಂದೆ ನಿಲ್ಲಿಸೋರು ಯಾರೂ ಇಲ್ಲ."