ಗಾಡಿ ನಿಂತ ಊರು

ಇಂಥ ಕಥೆ ಹೇಳುವವರ ಮುಂದೆ ಕೂತು ಆಕಳಿಸುವುದು ನನ್ನ ಹಳೆಯ ಚಾಳಿ. ದಾವಣಗೆರೆಯಲ್ಲಿ ನಮ್ಮ ಸೋದರಮಾವ ಹುಣಸೆಮರದ ಕೆಳಗೆ ಏನನ್ನೋ ಕಂಡೆನೆಂದು ನಡುಗುತ್ತಾ ಬಂದಾಗ, "ಮಾವ, ಸಂಜೆ ಎಷ್ಟು ಮಿರ್ಚಿ ತಿಂದಿದ್ರಿ?" ಎಂದು ಕೇಳಿದವನು ನಾನು. ಕಟ್ಟಡ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುವ ಮನುಷ್ಯ. ಕೂಡಿದರೆ ಬರಬೇಕು, ಕಳೆದರೆ ಹೋಗಬೇಕು, ಅಷ್ಟೇ ನನಗೆ ಗೊತ್ತಿರುವುದು. ಈಗ ನಾನು ಹೇಳುವುದನ್ನು ಕೇಳಿ ನೀವು ಆಕಳಿಸಿದರೆ ಬೇಜಾರು ಮಾಡಿಕೊಳ್ಳುವ ಹಕ್ಕು ನನಗಿಲ್ಲ.

ಭಾಸ್ಕರ ನಾನಿರುವ ಬಹರೈನಿನಲ್ಲೇ, ಅದ್ಲಿಯಾದ ಹೋಟೆಲೊಂದರಲ್ಲಿ ಅಡುಗೆಯವನು, ಕುಂದಾಪುರದ ಕಡೆಯವನು. ಹೂರಾದಲ್ಲಿ ಮೂರು ಜನರ ಜೊತೆ ಒಂದು ಕೋಣೆಯಲ್ಲಿದ್ದ. ನಾನಿರುವುದು ಮಾಹೂಝ್‌ನಲ್ಲಿ, ಒಂಟಿಯಾಗಿ. ಶುಕ್ರವಾರ ಬೆಳಿಗ್ಗೆ ಅವನು ಕೆಲಸಕ್ಕೆ ಹೋಗುವ ಮೊದಲು ನನ್ನ ಮನೆಗೆ ಬಂದು ನೀರುದೋಸೆ ಹುಯ್ಯುತ್ತಿದ್ದ. ದಿನವಿಡೀ ಬೇರೆಯವರಿಗೆ ಬೇಯಿಸುವವನು ಬಿಡುವಿನಲ್ಲಾದರೂ ಸುಮ್ಮನಿರಬಾರದೇ ಎಂದರೆ, ಇದು ಅಡುಗೆ ಅಲ್ಲ, ತಿಂಡಿ ಎನ್ನುತ್ತಿದ್ದ. ಎರಡು ಹುಬ್ಬೂ ಮೂಗಿನ ಮೇಲೆ ಕೂಡಿಕೊಂಡ ಮುಖ. ನಕ್ಕರೂ ಸಿಟ್ಟು ಬಂದವನಂತೆ ಕಾಣುತ್ತಿದ್ದ.

ಅವನ ಹೆಂಡತಿ ಸುಮತಿಗೆ ತವರಿನಲ್ಲಿ ಹೆಣ್ಣುಮಗು ಹುಟ್ಟಿತು. ಹುಟ್ಟಿದ ನಕ್ಷತ್ರ ಅಪ್ಪನಿಗೆ ಆಗಿಬರುವುದಿಲ್ಲ ಎಂದು ಜೋಯಿಸರು ಹೇಳಿದರಂತೆ. ಶಾಂತಿ ಮಾಡಿಸಿ, ಕಂಚಿನ ಬಟ್ಟಲಿನಲ್ಲಿ ಎಳ್ಳೆಣ್ಣೆ ತುಂಬಿಸಿ, ಅಪ್ಪ ಮೊದಲು ಮಗುವಿನ ಮುಖವನ್ನು ಎಣ್ಣೆಯಲ್ಲಿ ನೋಡಬೇಕು, ಆಮೇಲೆ ನೇರ. ಹಾಗಾಗಿ ಭಾಸ್ಕರ ಫೋಟೋ ತರಿಸಿಕೊಳ್ಳಲಿಲ್ಲ, ವಿಡಿಯೋ ಕರೆ ಮಾಡಲಿಲ್ಲ. ಬರೀ ಅಳು ಕೇಳಿಸಿಕೊಂಡು ಫೋನಿಗೆ ಲೊಚಗುಟ್ಟುತ್ತಿದ್ದ. ವಿಡಿಯೋದಲ್ಲಿ ಕಾಣುವುದೂ ಬಿಂಬವೇ ಅಲ್ಲವೇನೋ, ಎಣ್ಣೆ ಖರ್ಚು ಉಳಿಯುತ್ತದೆ ಎಂದು ನಾನು ಕಿಚಾಯಿಸಿದೆ.

"ನಂಗೂ ಆಸೆ ಇತ್ತ್ ಸರ್. ಆರೆ ಶಾಂತಿ ಆಗ್ದೇ ಕಾಂಬುಕಾಗ" ಎಂದು ದೋಸೆ ಮಗುಚಿದ.

ಹೋಟೆಲಿನವರು ರಜೆ ಕೊಡಲಿಲ್ಲ. ಹೆಂಡತಿ, ಮಗುವನ್ನು ವಿಸಿಟ್ ವೀಸಾದಲ್ಲಿ ಇಲ್ಲಿಗೇ ಕರೆಸಿ, ಇಲ್ಲಿಯೇ ಭಟ್ಟರೊಬ್ಬರಿಂದ ಶಾಂತಿ ಮಾಡಿಸುವುದೆಂದು ತೀರ್ಮಾನವಾಯಿತು. ಸುಮತಿಯ ಪಾಸ್‌ಪೋರ್ಟ್ ತಯಾರಿತ್ತು. ಮಗುವಿನ ಪಾಸ್‌ಪೋರ್ಟಿಗೆ ಜನನ ಪ್ರಮಾಣಪತ್ರ ಬೇಕು, ಈಗಿನ ಮಕ್ಕಳಿಗೆ ಅದಿಲ್ಲದೆ ಆಗುವುದಿಲ್ಲ. ಕಾಗದದ ಕೆಲಸ ಗೊತ್ತಿರುವವನೆಂದು ಅದನ್ನು ನನಗೆ ವಹಿಸಿದ. ಅದೆಷ್ಟರ ಕೆಲಸ ಎಂದು ನಾನೂ ಒಪ್ಪಿಕೊಂಡೆ.

ಮಗು ಹುಟ್ಟಿದ್ದು ಆಂಬುಲೆನ್ಸಿನಲ್ಲಿ. ಹಳ್ಳಿಯ ಆರೋಗ್ಯ ಕೇಂದ್ರದವರು ರಾತ್ರಿ ತಾಲೂಕು ಆಸ್ಪತ್ರೆಗೆ ಕಳಿಸಿದ್ದರು, ದಾರಿಯಲ್ಲೇ ಹೆರಿಗೆಯಾಯಿತು. ಆಸ್ಪತ್ರೆಯವರು ನಮ್ಮಲ್ಲಿ ಹುಟ್ಟಿಲ್ಲ ಎಂದರು. ಆರೋಗ್ಯ ಕೇಂದ್ರದವರು ನಮ್ಮಲ್ಲಿಂದ ಹೋಗುವಾಗ ಹುಟ್ಟಿರಲಿಲ್ಲ ಎಂದರು. ತವರೂರಿನ ಪಂಚಾಯಿತಿಯವರು ಮನೆಯಲ್ಲಿ ಹೆತ್ತಿದ್ದರೆ ಬರೆಯುತ್ತಿದ್ದೆವು ಎಂದರು. ಎಲ್ಲರ ಮಾತೂ ಸರಿಯೇ, ಮಗು ಮಾತ್ರ ಎಲ್ಲಿಯೂ ಹುಟ್ಟಿಲ್ಲ. ಆನ್‌ಲೈನಿನಲ್ಲಿ ಹುಡುಕಲು ನೋಂದಣಿ ಸಂಖ್ಯೆ ಕೇಳುತ್ತಿತ್ತು. ನೋಂದಣಿ ಎಲ್ಲಿ ಎಂದೇ ತಿಳಿಯದವರಿಗೆ ಸಂಖ್ಯೆ ಎಲ್ಲಿಂದ ಬರಬೇಕು?

ಇಲ್ಲಿ ಶುಕ್ರವಾರ ರಜೆ, ಊರಿನಲ್ಲಿ ಕಚೇರಿ ತೆರೆದಿರುತ್ತದೆ. ಆ ಒಂದು ದಿನವಿಡೀ ನಾನು ತಾಲೂಕು, ಜಿಲ್ಲೆ ಎಂದು ಫೋನು ಹಚ್ಚುತ್ತಿದ್ದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ, ಇಲ್ಲಿ ಪೂಜಾರಿ ಫೋನೇ ಎತ್ತುತ್ತಿರಲಿಲ್ಲ. ಕಡೆಗೆ ಬೆಂಗಳೂರಿನ ಕಚೇರಿಯಲ್ಲಿ ಒಬ್ಬ ಹೆಂಗಸು ಸಮಾಧಾನದಿಂದ ಹೇಳಿದರು: "ಓಡೋ ಗಾಡೀಲಿ ಹುಟ್ಟಿದ್ರೆ ಗಾಡಿ ಮೊದಲು ಎಲ್ಲಿ ನಿಲ್ತೋ ಆ ಊರಲ್ಲಿ ರಿಜಿಸ್ಟರ್ ಆಗತ್ತೆ ಸರ್. ಎಲ್ಲಿ ನಿಲ್ತು ಅಂತ ಕೇಳಿ."

ಯಾರನ್ನು ಕೇಳುವುದು? ಆ ಡ್ರೈವರ್ ಕೆಲಸ ಬಿಟ್ಟಿದ್ದ, ನರ್ಸ್ ಮದುವೆಯಾಗಿ ಬೇರೆ ರಾಜ್ಯಕ್ಕೆ ಹೋಗಿದ್ದಳು. ಜೊತೆಗಿದ್ದ ಸುಮತಿಯ ತಾಯಿ ದಾರಿಯುದ್ದಕ್ಕೂ ಕಣ್ಣು ಮುಚ್ಚಿ ದೇವರನ್ನು ಕರೆಯುತ್ತಿದ್ದರಂತೆ. "ಕತ್ಲಿ, ಆ ನೋವ್. ಎಲ್ಲಿ ನಿಲ್ಸಿದ್ರ್ ಅಂದೇಳಿ ನಂಗ್ ಗೊತ್ತಿಲ್ಲೆ ಅಣ್ಣ" ಎಂದಳು ಸುಮತಿ. ಅವಳ ತಮ್ಮ ಮುಖ್ಯರಸ್ತೆಯ ಪಂಚಾಯಿತಿಗಳಲ್ಲೆಲ್ಲ ವಿಚಾರಿಸಿ ಬರಿಗೈಯಲ್ಲಿ ಬಂದ.

ಅಷ್ಟರಲ್ಲಿ ಒಂದು ಮಧ್ಯಾಹ್ನ ಭಾಸ್ಕರ ಒಲೆಯ ಮುಂದೆಯೇ ಕುಸಿದ. ಮೆದುಳಿನಲ್ಲಿ ರಕ್ತಸ್ರಾವ. ಐಸಿಯುವಿನಲ್ಲಿ ಗಂಟಲಿಗೆ ಕೊಳವೆ ಹಾಕಿ ಮಲಗಿಸಿದರು. ವಿಮಾನದಲ್ಲಿ ಸಾಗಿಸುವ ಸ್ಥಿತಿಯಲ್ಲಿ ಇಲ್ಲ, ಮನೆಯವರು ಬರುವುದಾದರೆ ಬೇಗ ಬರಲಿ ಎಂದರು ಡಾಕ್ಟರು. ಮಗುವನ್ನು ನಿಮ್ಮಮ್ಮನ ಹತ್ತಿರ ಬಿಟ್ಟು ನೀವೊಬ್ಬರೇ ಬನ್ನಿ ಎಂದು ಸುಮತಿಗೆ ಹೇಳಿದೆ.

"ಅವ್ರ್ ಕಾಯ್ತಾ ಇಪ್ದ್ ನನ್ನಲ್ಲ ಅಣ್ಣ, ಮಗಿನ" ಎಂದಳು.

ಅದು ರಮದಾನ್ ತಿಂಗಳು. ಉಪವಾಸ ಬಿಡುವ ಹೊತ್ತಿಗೆ ಮನಾಮಾದ ರಸ್ತೆಗಳು ಖಾಲಿಯಾಗುತ್ತವೆ, ಆಸ್ಪತ್ರೆಯ ಪಡಸಾಲೆಯೂ ಹಾಗೆಯೇ. ಆ ಸಂಜೆ ನಾನು ಐಸಿಯುವಿನ ಗಾಜಿನ ಹೊರಗೆ ನಿಂತಿದ್ದೆ. ಒಳಗೆ ಭಾಸ್ಕರ ಕದಲದೆ ಮಲಗಿದ್ದ. ಮೂಲೆಯಲ್ಲಿ ಕಾವಲುಗಾರ, ಪಾಕಿಸ್ತಾನದವನು, ಖರ್ಜೂರದ ಪೊಟ್ಟಣ ಬಿಚ್ಚಿಕೊಂಡು ಬಾಂಗಿಗೆ ಕಾಯುತ್ತಿದ್ದ. ಸುಮತಿಯ ಕರೆ ಬಂತು. ಎತ್ತಿದೆ. "ಹಲೋ" ಎಂದೆ, ಏನೂ ಕೇಳಿಸಲಿಲ್ಲ. ಮತ್ತೆ ಎರಡು ಸಲ "ಹಲೋ" ಎಂದೆ. ಬಾಂಗು ಕೇಳಿಸಿತು, ಕರೆ ಕಡಿದುಹೋಯಿತು. ನನಗೆ ನೆನಪಿರುವುದು ಇಷ್ಟೇ. ಬೇಕಾದರೆ ಆಣೆ ಮಾಡಿ ಹೇಳುತ್ತೇನೆ.

ಕೂಡಲೇ ಅವಳೇ ಮತ್ತೆ ಮಾಡಿದಳು. ಅಳುತ್ತಿದ್ದಳು, ಅದರೊಳಗೆ ನಗುವೂ ಇತ್ತು.

"ಎಂತಕ್ ಕಟ್ ಮಾಡ್ದ್ರಿ ಅಣ್ಣ? ಇನ್ನೊಂಚೂರ್ ಮಾತಾಡ್ತಿದ್ರಲ್ದಾ?"

"ಯಾರಮ್ಮಾ?"

"ಯಾರಂದ್ರೆ? ಇವ್ರೇ. ಗಾಡಿ ನಿಂತದ್ದ್ ಕೆಂಜಿಮಕ್ಕಿ ಶಾಲಿ ಎದ್ರಿಗೆ, ಅಲ್ಲಿ ಪಂಚಾಯ್ತಂಗೆ ಕೇಣುಕ್ ಹೇಳ್ ಅಂದ್ರ್. ಕೊಳವೆ ತೆಗ್ದ್ರಾ ಅಣ್ಣ? ಯಾವತ್ತ್ ತೆಗ್ದ್ರ್?"

ನಾನು ಗಾಜಿನತ್ತ ನೋಡಿದೆ. ಕೊಳವೆ ಗಂಟಲಿನಲ್ಲೇ ಇತ್ತು. ಇಲ್ಲಮ್ಮ, ಅವನು ಎದ್ದಿಲ್ಲ ಎಂದು ಹೇಳಿದೆ. ಅಷ್ಟು ನಿರ್ದಯವಾದ ಮಾತನ್ನು ನಾನು ಬದುಕಿನಲ್ಲಿ ಮತ್ತೊಮ್ಮೆ ಆಡಿಲ್ಲ.

ಫೋನಿನಲ್ಲಿ ಹಿಂದಿನ ಕರೆಯನ್ನು ತೆಗೆದು ನೋಡಿದೆ. ಮೂರು ಹಲೋಗಳಿಗೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ನಡೆದಿತ್ತು. ಕಾವಲುಗಾರ ಹತ್ತಿರ ಬಂದು ಖರ್ಜೂರ ಚಾಚಿದ. "ಭಾಯ್, ದೋ ಬಾರ್ ಬುಲಾಯಾ, ಸುನಾ ಹೀ ನಹೀ ಆಪ್ ನೇ" ಎಂದ. ನಾನು ಫೋನನ್ನು ಗಾಜಿಗೆ ಆನಿಸಿ ಹಿಡಿದು ಸುಮ್ಮನೆ ನಿಂತಿದ್ದೆನಂತೆ, ಅವನು ಎರಡು ಸಲ ಕರೆದದ್ದು ನನಗೆ ಕೇಳಿಸಲೇ ಇಲ್ಲವಂತೆ. ಖರ್ಜೂರ ತೆಗೆದುಕೊಂಡೆ.

ಮರುದಿನ ಸುಮತಿಯ ತಮ್ಮ ಕೆಂಜಿಮಕ್ಕಿ ಎಲ್ಲಿದೆ ಎಂದು ಹುಡುಕಿಕೊಂಡು ಹೋದ. ಸೇತುವೆ ಕೆಲಸ ನಡೆಯುತ್ತಿದ್ದುದರಿಂದ ಆಂಬುಲೆನ್ಸು ಆ ರಾತ್ರಿ ಒಳರಸ್ತೆ ಹಿಡಿದು, ಅಲ್ಲಿಯ ಶಾಲೆಯ ಮುಂದೆ ನಿಂತಿತ್ತು. ನರ್ಸ್ ಬೆಳಿಗ್ಗೆಯೇ ಪಂಚಾಯಿತಿಗೆ ತಿಳಿಸಿದ್ದಳು. ಹೆಣ್ಣು ಮಗು ಎಂದು ನೋಂದಣಿಯಾಗಿ, ಕೇಳುವವರಿಲ್ಲದೆ ಅಲ್ಲಿಯೇ ಇತ್ತು. ಹೆಸರು ಸೇರಿಸಲು ಅರ್ಜಿ ಕೊಟ್ಟು, ಸಹಿಗಾಗಿ ಕಾದು, ಸರ್ವರ್ ಇಲ್ಲವೆಂದು ತಿರುಗಿ ಬಂದು, ಕೊನೆಗೂ ಪ್ರಮಾಣಪತ್ರ ಸಿಕ್ಕಿತು. ಅದರ ಚಿತ್ರ ನನ್ನ ವಾಟ್ಸಾಪಿಗೆ ಬಂದಾಗ ನಾನು ಶವಾಗಾರದ ಬಾಗಿಲಲ್ಲಿ ನಿಂತಿದ್ದೆ. ಭಾಸ್ಕರ ಆ ದಿನ ಬೆಳಗಿನ ಜಾವ ಹೋಗಿದ್ದ.

ಮಗು ಬಹರೈನಿಗೆ ಬರಲಿಲ್ಲ, ಅಪ್ಪನೇ ಪೆಟ್ಟಿಗೆಯಲ್ಲಿ ಊರಿಗೆ ಹೋದ. ಅಷ್ಟು ಒದ್ದಾಡಿ ತೆಗೆಸಿದ ಜನನ ಪ್ರಮಾಣಪತ್ರದ ಮೊದಲ ಉಪಯೋಗ, ಅಪ್ಪನ ಮರಣ ಪ್ರಮಾಣಪತ್ರದ ಜೊತೆಗೆ ಪಿನ್ ಹೊಡೆದು ವಾರಸುದಾರಳೆಂದು ತೋರಿಸುವುದಕ್ಕೆ ಆಯಿತು. ನನಗೆ ಎಲ್ಲದರ ಮೇಲೂ ಸಿಟ್ಟು ಬಂತು. ಹೇಳುವುದೇ ಇದ್ದರೆ ಆ ದನಿ ಒಂದು ತಿಂಗಳು ಮುಂಚೆ ಹೇಳಬಾರದಿತ್ತೇ?

ನಾನು ನನ್ನದೇ ಆದ ವಿವರಣೆಗಳನ್ನು ಹುಡುಕಿಕೊಂಡಿದ್ದೇನೆ. ಹೆರಿಗೆ ನೋವಿನ ಅರೆಪ್ರಜ್ಞೆಯಲ್ಲಿ ಯಾರೋ ಊರಿನ ಹೆಸರು ಹೇಳಿದ್ದು ಸುಮತಿಯ ಕಿವಿಗೆ ಬಿದ್ದಿರಬಹುದು, ಅದು ಆ ಸಂಜೆ ಗಂಡನ ದನಿಯಲ್ಲಿ ಮೇಲೆದ್ದಿರಬಹುದು. ನಿದ್ದೆಗೆಟ್ಟ ನಾನು ನಿಂತಲ್ಲೇ ಮಂಪರಿಗೆ ಜಾರಿರಬಹುದು. ಕೂಡಿ ಕಳೆದು ಲೆಕ್ಕವನ್ನು ಹೇಗೋ ಸರಿಮಾಡಿಕೊಂಡಿದ್ದೆ.

ಕಳೆದ ರಜೆಯಲ್ಲಿ ಅವರ ಮನೆಗೆ ಹೋದೆ. ಸುಮತಿ ಚಹಾ ಕೊಟ್ಟು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಎದುರಿಗೆ ಕೂತಳು.

"ಅವತ್ತಿಂದ್ ಒಂದ್ ಮಾತ್ ನಿಮ್ಗ್ ಹೇಳ್ಲಿಲ್ಲೆ ಅಣ್ಣ" ಎಂದಳು. "ಕಟ್ ಆಪ್ಕಿಂತ ಮುಂಚೆ ಅವ್ರ್ ಹೇಳ್ದ್ದ್. ಎಣ್ಣಿಯೊಳ್ಗೆ ಮಗಿನ ಕಂಡೆ ಮಾರಾಯ್ತಿ, ಹುಬ್ಬ್ ನಂದೇ ಅಂದ್ರ್."

ನೀವು ಅವನಿಗೆ ಏನಾದರೂ ಫೋಟೋ ಕಳಿಸಿದ್ದಿರಾ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದಳು. ಮಗು ನನ್ನನ್ನೇ ನೋಡುತ್ತಿತ್ತು. ಅದರ ಎರಡು ಹುಬ್ಬುಗಳೂ ಮೂಗಿನ ಮೇಲೆ ಕೂಡಿಕೊಂಡಿದ್ದವು.