ಒದ್ದೆ ಗಂಟಿನ ಸಾಕ್ಷಿ

ಬೆಳಿಗ್ಗೆ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕ್ರಿಮಿ ಕೊಲ್ಲುವ ಹಬೆಯಂತ್ರದ ಬಾಗಿಲು ತೆರೆಯುತ್ತದೆ. ಬಿಸಿ ಗಾಳಿ ಮುಖಕ್ಕೆ ರಾಚಿದ ಕೂಡಲೇ ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ, ಇಲ್ಲಿ ಕೆಲಸ ಮಾಡುವ ಅಕ್ಕ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಒಳಗೆ ಹಸಿರು ಬಟ್ಟೆಯ ಹನ್ನೆರಡು ಗಂಟುಗಳಿವೆ. ಒಂದೊಂದರಲ್ಲೂ ಆಪರೇಷನ್ನಿಗೆ ಬೇಕಾದ ಕತ್ತರಿ, ಚಿಮಟ, ಇಕ್ಕಳಗಳ ಒಂದು ಟ್ರೇ. ಅಕ್ಕ ದಪ್ಪ ಕೈಗವಸು ತೊಟ್ಟು ಅವನ್ನು ಹೊರಗೆಳೆದು, ಆರಲು ಬಿಟ್ಟು, ಆಮೇಲೆ ಒಂದೊಂದನ್ನೇ ಎತ್ತಿ ತಳ ನೋಡುತ್ತಾರೆ. ಏಳನೆಯದರ ತಳದಲ್ಲಿ ಅಂಗಿಯ ಗುಂಡಿಯಷ್ಟು ಅಗಲದ ಒಂದು ಕಲೆ.

“ಒದ್ದೆ,” ಎನ್ನುತ್ತಾರೆ ಅಕ್ಕ.

ಅಷ್ಟೇ. ಒಂದೂವರೆ ಗಂಟೆಯ ಕೆಲಸ ನೀರುಪಾಲು. ಗಂಟು ಬಿಚ್ಚಬೇಕು, ಬಟ್ಟೆ ಬದಲಿಸಬೇಕು, ಮತ್ತೆ ಮೊದಲಿನಿಂದ ಹಬೆಗೆ ಇಡಬೇಕು. “ಒದ್ದೆ ಬಟ್ಟೆ ಹೊರಗಿನ ಕೊಳೇನ ಒಳಗೆ ಎಳ್ಕೊಳ್ಳುತ್ತೆ ಸಾರ್. ಆದ್ರೆ ತಮಾಷೆ ನೋಡಿ, ಹತ್ತು ನಿಮಿಷ ಸುಮ್ನೆ ಬಿಟ್ರೆ ಈ ಕಲೆ ತಾನೇ ಒಣಗಿಹೋಗುತ್ತೆ. ಆಮೇಲೆ ಭೂತಗನ್ನಡಿ ಹಿಡಿದ್ರೂ ಯಾರಿಗೂ ಗೊತ್ತಾಗಲ್ಲ.”

ಈ ಹಟಕ್ಕೇ ಮೇಲಿನ ಮಹಡಿಯ ನರ್ಸುಗಳು ಅವರಿಗೆ ‘ಒದ್ದೆಯಕ್ಕ’ ಎಂದು ಹೆಸರಿಟ್ಟಿದ್ದಾರೆ. ಅಕ್ಕನಿಗೆ ಬೇಸರವೇನಿಲ್ಲ. ಒಂದು ದೊಡ್ಡ ಗಂಟನ್ನು ತಟ್ಟಿ, “ಇದು ಸೊಂಟದ ಕೀಲು ಬದಲಾಯಿಸೋ ಟ್ರೇ. ಇಂಥದ್ದೊಂದು ನಮ್ಮತ್ತೆಗೆ ಹೋಗ್ಬೇಕಿತ್ತು. ಎರಡು ಸಲ ದಿನ ಗೊತ್ತಾಯ್ತು, ಎರಡು ಸಲಾನೂ ಬೇಡ ಅಂದ್ಬಿಟ್ರು,” ಎನ್ನುತ್ತಾರೆ.

“ಹೆದರಿಕೆನಾ?”

“ನಾನೇ ಕಾರಣ ಸಾರ್,” ಎಂದು ಅಕ್ಕ ಮುಂದಿನ ಗಂಟಿನ ತಳ ನೋಡುತ್ತಾರೆ.

ಈ ಕೋಣೆಗೆ ನಾನು ಮೊದಲು ಬಂದದ್ದು ಲಿಫ್ಟಿನಲ್ಲಿ ತಪ್ಪು ಗುಂಡಿ ಒತ್ತಿ. ನಾಲ್ಕು ತಿಂಗಳ ಹಿಂದೆ ಇದೇ ಆಸ್ಪತ್ರೆಯಲ್ಲಿ ನನ್ನ ಪಿತ್ತಕೋಶದ ಕಲ್ಲು ತೆಗೆದರು. ಡಾಕ್ಟರ ಕೈ ಹಿಡಿದು ಥ್ಯಾಂಕ್ಸ್ ಹೇಳಿದೆ, ನರ್ಸುಗಳಿಗೆ ಹೇಳಿದೆ, ಮನೆಗೆ ಬಂದು ದೇವರಿಗೂ ಹೇಳಿದೆ. ನನ್ನ ಹೊಟ್ಟೆಯೊಳಗೆ ಹೋಗಿಬಂದ ಕತ್ತರಿಯನ್ನು ತೊಳೆದವರು ಯಾರು ಎಂಬ ಯೋಚನೆ ತಲೆಯ ಹತ್ತಿರವೂ ಸುಳಿದಿರಲಿಲ್ಲ. ಆಮೇಲೆ ತಪಾಸಣೆಗೆ ಬಂದವನು ಹಾಗೆ ಇಲ್ಲಿ ಇಣುಕಿದಾಗ, ಮೊಣಕೈವರೆಗೆ ಸುಟ್ಟ ಗುರುತುಗಳಿರುವ ಹೆಂಗಸೊಬ್ಬರು ಕತ್ತರಿಯೊಂದನ್ನು ಬೆಳಕಿಗೆ ಹಿಡಿದು, ಅದರ ಕೀಲಿನೊಳಗೆ ಸಣ್ಣ ಬ್ರಷ್ ಆಡಿಸುತ್ತಿದ್ದರು. ನನಗೆ ನಿಜಕ್ಕೂ ನಾಚಿಕೆಯಾಯಿತು. ಈ ಅಕ್ಕನ ಬಗ್ಗೆ ಪೇಪರಿಗೆ ಬರೆಯಬೇಕೆಂದೇ ಇವತ್ತು ಮತ್ತೆ ಬಂದಿದ್ದೇನೆ.

ದಿನಕ್ಕೆ ಸುಮಾರು ನಲವತ್ತು ಟ್ರೇ. ಒಂದೊಂದರಲ್ಲಿ ಮೂವತ್ತರಿಂದ ಎಂಬತ್ತು ‘ಸಾಮಾನು’. ಸೂಜಿ ಹಿಡಿಯುವ ಇಕ್ಕಳದಿಂದ ಮೂಳೆ ಕೊರೆಯುವ ಯಂತ್ರದವರೆಗೆ ಇಲ್ಲಿ ಎಲ್ಲದಕ್ಕೂ ಅದೊಂದೇ ಹೆಸರು. ನೆಲ ಒರೆಸುವ ಕೆಲಸಕ್ಕೆ ಸೇರಿದ ಅಕ್ಕ, ನೋಡಿ ನೋಡಿಯೇ ಈ ಕೆಲಸ ಕಲಿತು ಇಪ್ಪತ್ತೆರಡು ವರ್ಷವಾಯಿತು. ಗಂಡ ಲಾರಿ ಓಡಿಸುತ್ತಾರೆ, ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯಲ್ಲೇ ಇರುತ್ತಾರೆ. ಮನೆಯಲ್ಲಿ ಉಳಿಯುವುದು ಅತ್ತೆ ಮತ್ತು ಸೊಸೆ. ಅತ್ತೆಗೆ ದೇವರೇ ಸರ್ವಸ್ವ, ಸೊಸೆಗೆ ದೇವರಲ್ಲಿ ನಂಬಿಕೆಯಿಲ್ಲ.

“ನಾನು ದೇವರನ್ನ ಬೈಯಲ್ಲ ಸಾರ್. ಬೈಯೋಕೂ ಒಬ್ರು ಎದುರಿಗೆ ಇರ್ಬೇಕಲ್ಲ,” ಎಂದು ಅಕ್ಕ ನಗುತ್ತಾರೆ. “ಕೆಲವರಿಗೆ ಹಾಡು ಬರಲ್ಲ ನೋಡಿ, ಹಾಗೆ ನಂಗೆ ಭಕ್ತಿ ಬರಲ್ಲ. ಚಿಕ್ಕೋಳಿದ್ದಾಗ ಕಣ್ಣು ಮುಚ್ಚಿ ಕೂತು ಬಹಳ ಪ್ರಯತ್ನಪಟ್ಟೆ. ನಿದ್ದೆ ಬಂತು.”

ಹಾಗೆಂದು ಕೃತಜ್ಞತೆಗೆ ಕೊರತೆಯಿಲ್ಲ. ಪಾಳಿ ಮುಗಿದ ಮೇಲೆ ಅವರು ದಿನವೂ ಒಂದು ಸುತ್ತು ಹೊರಡುತ್ತಾರೆ. ಬಾಯ್ಲರ್ ನೋಡಿಕೊಳ್ಳುವವರ ಬಳಿ ಹೋಗಿ “ಇವತ್ತು ಹಬೆ ಚೆನ್ನಾಗಿತ್ತಣ್ಣಾ” ಎನ್ನುತ್ತಾರೆ. ಗಂಟಿನ ಬಟ್ಟೆಗಳ ತೂತು ಹೊಲಿಯುವ ದರ್ಜಿಗೊಂದು ಮಾತು, ಟ್ರೇಗಳನ್ನು ಮೇಲಕ್ಕೆ ಒಯ್ಯುವ ಲಿಫ್ಟಿನವರಿಗೊಂದು ಮಾತು. “ದೇವರಿರೋರಿಗೆ ಸುಲಭ. ಒಂದೇ ಕಡೆ ಕೈ ಮುಗಿದ್ರೆ ಎಲ್ಲಾ ಮುಗೀತು. ನಾನು ಒಬ್ಬೊಬ್ಬರ ಹತ್ರಾನೂ ಹೋಗ್ಬೇಕು. ಕಾಲು ನೋಯುತ್ತೆ ಸಾರ್!”

ದೇವರ ಭಯವೇ ಇಲ್ಲದವರಿಗೆ ಇನ್ಯಾರ ಭಯ? ನಾನು ದೇವರನ್ನು ನಂಬುವವನು, ಈ ಪ್ರಶ್ನೆಯನ್ನು ನೇರವಾಗಿಯೇ ಕೇಳುತ್ತೇನೆ. ಉತ್ತರವಾಗಿ ಅಕ್ಕ ಒಂಬತ್ತು ವರ್ಷದ ಹಿಂದಿನ ತಮ್ಮ ತಪ್ಪನ್ನು ಹೇಳುತ್ತಾರೆ.

ಅವತ್ತು ಹಬೆ ಸರಿಯಿರಲಿಲ್ಲ, ಮೇಲಿನಿಂದ ಫೋನ್ ಮೇಲೆ ಫೋನ್. ಒಂದು ಗಂಟಿನ ತಳದಲ್ಲಿ ಕಲೆ ಕಂಡಿತು. ಅದನ್ನು ಪಕ್ಕಕ್ಕಿಟ್ಟು ಬೇರೆ ಕೆಲಸ ಮಾಡುವಷ್ಟರಲ್ಲಿ ಲಿಫ್ಟ್ ಬಂತು, ಕಲೆ ಒಣಗಿತ್ತು. ಕಳಿಸಿಬಿಟ್ಟರು. “ಟೀ ಕುಡಿಯೋಕೆ ಕೂತೆ. ಇಳೀಲಿಲ್ಲ ಸಾರ್. ಅಲ್ಲಿ ಮೇಲೆ ಒಬ್ಬ ಮನುಷ್ಯ ಮಲಗಿದಾನೆ. ದೇವರನ್ನ ನಂಬಿ ಮಲಗಿದ್ನೋ ಡಾಕ್ಟ್ರನ್ನ ನಂಬಿ ಮಲಗಿದ್ನೋ, ಟ್ರೇ ಮಾತ್ರ ನಂದು.”

ಮೂರು ಮಹಡಿ ಮೆಟ್ಟಿಲು ಹತ್ತಿ ಓಡಿ ಆಪರೇಷನ್ ಕೋಣೆಯ ಬಾಗಿಲು ಬಡಿದರು. ರೋಗಿಗೆ ಪ್ರಜ್ಞೆ ತಪ್ಪಿಸಿ ಆಗಿತ್ತು, ಚರ್ಮಕ್ಕೆ ಕತ್ತಿ ತಾಗಿರಲಿಲ್ಲ. ಗಂಟು ಒದ್ದೆಯಾಗಿತ್ತು ಎಂದರು ಅಕ್ಕ. ಡಾಕ್ಟರು ಗಂಟನ್ನು ತಿರುಗಿಸಿ ತಿರುಗಿಸಿ ನೋಡಿ, ಒಣಗಿದೆಯಲ್ಲ, ಯಾರು ನೋಡಿದ್ದು ಎಂದು ಗದರಿದರು. “ನಾನು ನೋಡಿದ್ದೆ ಸಾರ್,” ಎಂದರು ಅಕ್ಕ. ಬೇರೆ ಟ್ರೇ ಬರಲು ನಲವತ್ತು ನಿಮಿಷ ಹಿಡಿಯಿತು. ರೋಗಿ ಗುಣವಾಗಿ ಮನೆಗೆ ಹೋದ, ಅವನಿಗೆ ಇದೊಂದೂ ಗೊತ್ತಿಲ್ಲ. ಅಕ್ಕನಿಗೆ ಸಿಕ್ಕಿದ್ದು ಹದಿನೈದು ದಿನದ ಸಸ್ಪೆನ್ಷನ್.

ಅಂದು ಗದರಿದ ಡಾಕ್ಟರೇ ನನ್ನ ಹೊಟ್ಟೆ ಕೊಯ್ದವರು. ಅಕ್ಕನ ಬಗ್ಗೆ ಅವರನ್ನೂ ಕೇಳಿದೆ. “ಆಕೆ ಕಟ್ಟಿದ ಗಂಟಾದ್ರೆ ನಾನು ಎರಡನೇ ಸಲ ನೋಡಲ್ಲ,” ಎಂದರು.

ಇಷ್ಟಾದರೂ ಅತ್ತೆಗೆ ಮಾತ್ರ ಧೈರ್ಯವಿಲ್ಲ. ಅವರದು ಒಂದೇ ಷರತ್ತು: ಆಪರೇಷನ್ನಿಗೆ ಮೊದಲು ಸೊಸೆ ದೇವರ ಮುಂದೆ ನಿಂತು ಒಂದೇ ಒಂದು ಸಲ ಕೈ ಮುಗಿದು ಅತ್ತೆಯ ಜೀವ ಉಳಿಸೆಂದು ಕೇಳಿಕೊಳ್ಳಬೇಕು. ಸೊಸೆ ಒಪ್ಪುತ್ತಿಲ್ಲ. ಮುಗಿದುಬಿಟ್ಟರೆ ನಿಮ್ಮದೇನು ಹೋಗುತ್ತದೆ ಎಂದು ನಾನೂ ಕೇಳಿಬಿಟ್ಟೆ, ಸ್ವಲ್ಪ ಸಿಟ್ಟಿನಿಂದಲೇ.

“ನಂದೇನೂ ಹೋಗಲ್ಲ. ಅವರು ಅದನ್ನ ನಂಬಿ ಹೋಗಿ ಮಲಗ್ತಾರೆ. ಒಳಗೇನೂ ಇಲ್ಲದೆ ಮೇಲೆ ಮಾತ್ರ ಕೈ ಮುಗಿದು ಅವರನ್ನ ಅಲ್ಲಿ ಮಲಗಿಸೋಕೆ ನಂಗಾಗಲ್ಲ ಸಾರ್. ನೋವು ತಿಂತಿದಾರೆ, ನೋಡೋಕಾಗಲ್ಲ. ಆದ್ರೂ ಆಗಲ್ಲ.” ಅಕ್ಕ ಬಿಚ್ಚಿದ ಒದ್ದೆ ಗಂಟಿನ ಟ್ರೇಗೆ ಹೊಸ ಬಟ್ಟೆ ಸುತ್ತತೊಡಗುತ್ತಾರೆ.

ಮಧ್ಯಾಹ್ನ ಅವರ ಜೊತೆ ಮನೆಗೆ ಹೋಗುತ್ತೇನೆ. ಎರಡು ಕೋಣೆ. ಮಂಚದಿಂದ ಬಚ್ಚಲಿನವರೆಗೆ ಗೋಡೆಯ ಬಣ್ಣ ಸೊಂಟದೆತ್ತರಕ್ಕೆ ಉದ್ದಕ್ಕೂ ಸವೆದಿದೆ. ಎರಡು ವರ್ಷದಿಂದ ಅತ್ತೆ ಗೋಡೆ ಹಿಡಿದೇ ನಡೆಯುತ್ತಿರುವುದು. ಎಪ್ಪತ್ತಾರರ ಅವರು ಕಿಟಕಿಯ ಬಳಿ ದಿಂಬಿಗೆ ಒರಗಿ ಕೂತಿದ್ದಾರೆ, ಕಣ್ಣು ಮಾತ್ರ ಚುರುಕು.

“ನಮ್ಮ ಸೊಸೆ ಬಗ್ಗೆ ಪೇಪರಲ್ಲಿ ಬರೀತೀರಂತೆ. ಬರೀರಿ, ಒಳ್ಳೇವಳೇ. ನಂಗೆ ಸ್ನಾನ ಮಾಡಿಸೋದೂ ಅವಳೇ. ಆದ್ರೆ ದೇವರ ಭಯ ಇಲ್ಲದೋರಿಗೆ ಯಾವತ್ತು ಏನು ತೋಚುತ್ತೋ ಯಾರಿಗೆ ಗೊತ್ತು?”

ಅಕ್ಕನ ಪರ ವಹಿಸುವ ಭರದಲ್ಲಿ ನನ್ನ ನಾಲಿಗೆ ಜಾರುತ್ತದೆ. “ಹಾಗನ್ಬೇಡಿ ಅಜ್ಜಿ. ತಾನಾಗಿ ಹೋಗಿ ತಪ್ಪು ಒಪ್ಕೊಂಡು ಸಸ್ಪೆಂಡ್ ಆದೋರು ಅವರು.” ಮನೆಯಲ್ಲಿ ಗೊತ್ತಿರುವ ಸಂಗತಿ ಎಂದೇ ನಾನು ತಿಳಿದಿದ್ದೆ. ಅಡುಗೆಮನೆಯಲ್ಲಿ ಲೋಟದ ಸದ್ದು ನಿಲ್ಲುತ್ತದೆ.

ಅತ್ತೆ ಬಿಡುವವರಲ್ಲ. ನನ್ನ ಬಾಯಿಂದ ಇಡೀ ಕತೆ ಹೊರಡಿಸಿ, ಸೊಸೆಯನ್ನು ಎದುರಿಗೆ ಕರೆಯುತ್ತಾರೆ.

“ಅವತ್ತು ಹದಿನೈದು ದಿನ ರಜೆ ಅಂದಿದ್ದೆಯಲ್ಲೇ. ಮನೆಗೆಲ್ಲಾ ಬಣ್ಣ ಬಳಿದೆ!”

“ಸುಳ್ಳು ಹೇಳಿದ್ದೆ ಅತ್ತೆ. ನಿಮ್ಮ ಮುಂದೆ ಹೇಳೋಕೆ ನಾಚಿಕೆ ಆಯ್ತು.”

“ಸುಳ್ಳು ಬೇರೆ!” ಅತ್ತೆ ನನ್ನ ಕಡೆ ತಿರುಗಿ, “ಇದನ್ನೂ ಬರ್ಕೊಳ್ಳಿ” ಎನ್ನುತ್ತಾರೆ. ಆಮೇಲೆ ಮತ್ತೆ ಸೊಸೆಗೆ, “ಆ ಕಲೆ ಬೇರೆ ಯಾರಾದ್ರೂ ನೋಡಿದ್ರಾ?”

“ಇಲ್ಲ.”

“ನೀನು ಸುಮ್ನಿದ್ದಿದ್ರೆ?”

“ಗೊತ್ತಾಗ್ತಿರಲಿಲ್ಲ.”

“ಮಲಗಿದ್ದೋನು ನಮಗೇನಾದ್ರೂ ಬೇಕಾದೋನಾ?”

“ಯಾರೋ ಅತ್ತೆ. ಮುಖಾನೂ ನೋಡಿಲ್ಲ.”

ಮುದುಕಿ ಹೊರಗೆ ನೋಡುತ್ತಾರೆ. ಕಿಟಕಿಯಾಚೆ ಬಸ್ಸೊಂದು ನಿಂತು ಹೊರಡುತ್ತದೆ. ನನಗೋ, ಬಂದ ದಿನವೇ ಮನೆ ಮುರಿದೆನಲ್ಲ ಎಂದು ಕೂತಲ್ಲೇ ಬೆವರು.

“ಡಾಕ್ಟ್ರಿಗೆ ಹೇಳು, ಬರ್ತೀನಿ ಅಂತ,” ಎನ್ನುತ್ತಾರೆ ಅತ್ತೆ ಕೊನೆಗೆ. “ಕೈ ಮುಗಿಯೋದೆಲ್ಲ ನಾನೇ ಮುಗೀತೀನಿ ಬಿಡು, ಅದು ನಿನ್ನಿಂದಾಗೋ ಕೆಲಸ ಅಲ್ಲ. ಆದ್ರೆ ನನ್ನ ಸಾಮಾನು ಮಾತ್ರ ನೀನೇ ತೊಳೀಬೇಕು. ಬೇರೆ ಯಾರೂ ಮುಟ್ಟಕೂಡದು.”

ಅಕ್ಕನ ಕಣ್ಣು ತುಂಬುತ್ತದೆ. ಅತ್ತೆಯ ಕಾಲ ಬಳಿ ನೆಲದ ಮೇಲೆ ಕೂತು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾರೆ. ಆ ಹೊತ್ತಿನಲ್ಲಾದರೂ ಒಂದು ಸಿಹಿ ಮಾತು ಆಡಬಾರದೆ?

“ತೊಳೀತೀನಿ ಅತ್ತೆ. ಆದ್ರೆ ಎಲ್ಲರದ್ದು ಹೇಗೆ ತೊಳೀತೀನೋ ಹಾಗೇ. ನಿಮಗೇಂತ ಬೇರೆ ಥರ ತೊಳೆಯೋಕೆ ನಂಗೆ ಬರಲ್ಲ.”

“ಗೊತ್ತು ಕಣೇ,” ಎನ್ನುತ್ತಾರೆ ಅತ್ತೆ. “ಅದಕ್ಕೇ ಬರ್ತೀನಿ ಅಂದಿದ್ದು.”