ಅಕ್ಕನ ಬಿಪಿ ಗುಳಿಗೆ

ಜುಗೂಳದ ನಮ್ಮ ಮನೆಯ ಪಡಸಾಲೆಯಲ್ಲಿ ಅಕ್ಕನ ಒಂದು ಫೋಟೊ ಇದೆ. ನಮ್ಮ ಜೈನರ ದಶಲಕ್ಷಣ ಪರ್ವದ ಹತ್ತು ದಿನ ಕಾಯಿಸಿದ ನೀರನ್ನಷ್ಟೇ ಕುಡಿದು ಉಪವಾಸ ಮುಗಿಸಿದ ಅವಳನ್ನು ಹೂವಿನಿಂದ ಅಲಂಕರಿಸಿದ ಟ್ರ್ಯಾಕ್ಟರಿನಲ್ಲಿ ಕೂರಿಸಿ, ಬ್ಯಾಂಡು ಬಾರಿಸಿ, ಊರೆಲ್ಲ ಮೆರೆಸಿದ ದಿನದ್ದು. ಮುಂದೆ ಕಳಸ ಹಿಡಿದು ಹಲ್ಲು ಕಿರಿದುಕೊಂಡು ನಡೆದವಳು ನಾನು. ಮನೆಗೆ ಬಂದವರು ಈಗಲೂ ಅದರ ಮುಂದೆ ನಿಂತು, "ಏನ ಕಳೆ ನೋಡ್ರಿ ಮಾರಿ ಮ್ಯಾಲ!" ಎನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ.

ಆ ವರ್ಷ ಅಕ್ಕ ಗಂಡನನ್ನು ಕಳೆದುಕೊಂಡು ಅಕ್ಕೋಳದಿಂದ ತವರಿಗೆ ಬಂದಿದ್ದಳು. ಐದು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದಳು. ತಲೆ ಬಾಚಿಕೊಳ್ಳಲಿಲ್ಲ, ಕರೆದರೆ ಓ ಎನ್ನಲಿಲ್ಲ. ದುಃಖ, ಇನ್ನೇನು ಎಂದುಕೊಂಡೆವು. ಶ್ರಾವಣದಲ್ಲಿ ಎದ್ದಳು. ಎದ್ದವಳು ನಿಲ್ಲಲೇ ಇಲ್ಲ. ನಸುಕಿನಲ್ಲೇ ಬಸದಿಯ ಮೆಟ್ಟಿಲು ತೊಳೆಯುವುದು, ಮೂರು ಮಂದಿಯ ಕೆಲಸ ಒಬ್ಬಳೇ ಮಾಡುವುದು, ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು ಮಾತು. ಭಾದ್ರಪದದಲ್ಲಿ ಉಪವಾಸ ಹಿಡಿದಾಗಲೂ ಅದೇ ಹುರುಪು. ಮುದುಕರು ಕೂಡ ಅವಳ ಕಾಲಿಗೆ ಬಿದ್ದರು. ಪಾರಣೆಯಾದ ಮೂರನೆಯ ದಿನ ಕಾಗವಾಡದ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಹೆಂಗಸಿಗೆ ಕೈಯ ಬಂಗಾರದ ಬಳೆ ಬಿಚ್ಚಿ ಕೊಟ್ಟಳು. ಕರೆತರಲು ಹೋದ ಅಪ್ಪನ ಕಪಾಳಕ್ಕೆ ಬಾರಿಸಿದಳು.

ಮಿರಜಿನ ಡಾಕ್ಟರು ಎಲ್ಲ ಕೇಳಿಸಿಕೊಂಡು ಅಪ್ಪನಿಗೂ ನನಗೂ ಒಂದು ಪ್ರಶ್ನೆ ಹಾಕಿದರು.

"ಉಪವಾಸದಾಗ ಇವರು ದಿನಾ ಎಷ್ಟು ತಾಸು ಮಲಗ್ತಿದ್ರು?"

ಉಪವಾಸದ ದಿನಗಳನ್ನು ಊರೇ ಎಣಿಸಿತ್ತು. ನಿದ್ದೆಯನ್ನು ಯಾರೂ ಎಣಿಸಿರಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದೂ ನಿದ್ದೆಗೆಟ್ಟು ಓಡಾಡಿದ್ದೂ ಒಂದೇ ಜಡ್ಡಿನ ಎರಡು ಕಡೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಚೀಟಿಯಲ್ಲಿ ಬೈಪೋಲಾರ್ ಎಂದು ಬರೆದರು. ಗುಳಿಗೆ ತಪ್ಪಬಾರದು, ನೀರು ಚೆನ್ನಾಗಿ ಕುಡಿಯಬೇಕು, ಆಗಾಗ ರಕ್ತ ತಪಾಸಣೆ ಆಗಬೇಕು, ಇನ್ನು ಮೇಲೆ ಉಪವಾಸ ಬೇಡವೇ ಬೇಡ ಎಂದರು.

ಊರಿಗೆ ಬಂದು ಇಳಿಯುವಷ್ಟರಲ್ಲಿ ಪಕ್ಕದ ಮನೆಯ ಕಾಕು ಅಂಗಳದಲ್ಲೇ ಹಿಡಿದಳು. "ಮಿರಜಿಗೆ ಯಾಕ ಹೋಗಿದ್ರಿ?"

"ಅಕ್ಕಗ ಬಿಪಿ ಐತ್ರಿ ಕಾಕು, ಗುಳಿಗಿ ಕೊಟ್ಟಾರ" ಎಂದೆ. ನನ್ನ ಲಗ್ನದ ಮಾತು ನಡೆದಿತ್ತು. ಅಕ್ಕನಿಗೆ ತಲೆ ಕೆಟ್ಟಿದೆ ಎಂಬ ಸುದ್ದಿ ಗಂಡಿನ ಕಡೆಯವರ ಕಿವಿಗೆ ಬಿದ್ದರೆ ಗತಿಯೇನು? ಆ ಸಂಬಂಧ ಕೊನೆಗೂ ಕೂಡಿ ಬರಲಿಲ್ಲ, ಸುಳ್ಳು ಮಾತ್ರ ನಮ್ಮ ಮನೆಯಲ್ಲೇ ಉಳಿಯಿತು.

ಗುಳಿಗೆ ಹತ್ತಿತು. ಸುಮಾರು ಎರಡು ವರ್ಷ ಅಕ್ಕ ನಮ್ಮೆಲ್ಲರ ಹಾಗೆ ಮಲಗಿದಳು, ಎದ್ದಳು, ಜಂಪರು ಹೊಲಿದಳು, ನಗು ಬಂದಾಗ ನಕ್ಕಳು. ಆದರೆ ಆಗ ಅವಳ ಕಾಲಿಗೆ ಯಾರೂ ಬೀಳಲಿಲ್ಲ. ಮರುವರ್ಷದ ಉಪವಾಸವನ್ನು ಏನೋ ನೆವ ಹೇಳಿ ತಪ್ಪಿಸಿಕೊಂಡಳು. ಅದರ ಮುಂದಿನ ಭಾದ್ರಪದಕ್ಕೆ ಕಾಕು ಬಂದು ಕೂತೇಬಿಟ್ಟಳು.

"ಬಿಪಿ ಗುಳಿಗಿ ನಾನೂ ನುಂಗ್ತೀನಿ. ಒಂದ ವರ್ಷರೆ ಉಪಾಸ ಬಿಟ್ಟೇನೇನು? ಅಷ್ಟು ಛಲೋ ಮಾಡಿದಾಕಿ ನೀ, ಹಿಂಗ ಕುಂತರ ಹೆಂಗ?"

ಅಕ್ಕ ನನ್ನ ಕಡೆ ನೋಡಿದಳು. ಏನಾದರೂ ಹೇಳು ಎನ್ನುವ ನೋಟ ಅದು. ನಾನು ಚಹಾ ಇಡುವ ನೆವದಲ್ಲಿ ಒಳಗೆ ಹೋದೆ. ಹೊರಗೆ ಬರುವಷ್ಟರಲ್ಲಿ ಅಕ್ಕ ಹೂಂ ಎಂದಾಗಿತ್ತು.

"ಉಪಾಸದಾಗ ಗುಳಿಗಿ ನುಂಗಾಕ ಬರೂದಿಲ್ಲ" ಎಂದಳು ಆಮೇಲೆ, ನನ್ನನ್ನು ಕೇಳುವವಳ ಹಾಗೆ.

"ಹತ್ತ ದಿನ ಅಲ್ಲೇನು" ಎಂದೆ. ಆ ಮಾತಿಗೆ ನನ್ನ ನಾಲಿಗೆ ಬಿದ್ದುಹೋಗಬೇಕಿತ್ತು.

ಐದನೆಯ ದಿನ ನಸುಕಿನಲ್ಲಿ ಬಸದಿಯ ಮೆಟ್ಟಿಲು ತೊಳೆಯುವ ಸಪ್ಪಳ ಕೇಳಿಸಿತು. ಈ ಸಲ ನಾನು ಎಣಿಸಿದ್ದೆ. ಮೂರು ದಿನಕ್ಕೆ ಅಕ್ಕನ ನಿದ್ದೆ ಐದು ತಾಸೂ ಆಗಿರಲಿಲ್ಲ. ಗೊತ್ತಾಯಿತು, ಆದರೂ ಎರಡು ದಿನ ಸುಮ್ಮನಿದ್ದೆ. ಜನ ಮತ್ತೆ ಕಾಲಿಗೆ ಬೀಳಲು ಬರುತ್ತಿದ್ದರು, ಅಕ್ಕನ ಮುಖ ಅರಳಿತ್ತು. ಏಳನೆಯ ದಿನ, ಊರ ಪಕ್ಕದ ನದಿಯ ನೀರಿನ ಮೇಲೆ ನಡೆದು ಆಚೆ ದಡಕ್ಕೆ ಹೋಗುತ್ತೇನೆಂದು ಅವಳು ಹೊರಟಾಗ, ಎಲ್ಲರೆದುರೇ ಎಳೆದುಕೊಂಡು ಬಂದು ಜೀಪಿಗೆ ಹತ್ತಿಸಿದೆ. ವ್ರತ ಕೆಡಿಸಿದ ಪಾಪಿ ಎಂದರು. ಅನ್ನಲಿ ಎಂದು ಬಿಟ್ಟೆ.

ಮಿರಜಿನಲ್ಲಿ ಒಂದು ತಿಂಗಳು ಇರಬೇಕಾಯಿತು. ಏರಿದ್ದು ಇಳಿಯಿತು, ಆದರೆ ಇಳಿದದ್ದು ನಡುವೆ ನಿಲ್ಲಲಿಲ್ಲ. ಎಂಟು ತಿಂಗಳಾಯಿತು, ಅಕ್ಕ ಮತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಈ ಸಲ ಗುಳಿಗೆ ಹತ್ತಲು ತಡವಾಗುತ್ತಿದೆ, ಧೈರ್ಯ ಬಿಡಬೇಡಿ ಎನ್ನುತ್ತಾರೆ ಡಾಕ್ಟರು.

ಹೋದ ವಾರ ಕಾಕುಗೆ ಇದ್ದದ್ದನ್ನು ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಅಕ್ಕನ ಹಾಸಿಗೆಯ ಪಕ್ಕ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಮ್ಮ ತಂಗಿ ಮಗಗೂ ಇದ ಐತೆವ್ವಾ. ಅಥಣ್ಯಾಗ ಇರ್ತಾನ, ದಿನಾ ಗುಳಿಗಿ ತಗೋತಾನ, ಅಂಗಡಿ ನಡಸ್ತಾನ. ಮೊದಲ ಗೊತ್ತಿದ್ರ ನಾನ ಉಪಾಸ ಬ್ಯಾಡಂತಿದ್ನಲ್ಲವ್ವಾ."

ಕಾಕು ಹೋದ ಮೇಲೆ ನಾನು ಗುಳಿಗೆ, ನೀರು ತಂದೆ. ಗೋಡೆ ನೋಡುತ್ತಲೇ ಅಕ್ಕ ಮಾತಾಡಿದಳು. ಎಷ್ಟೋ ದಿನದ ಮೇಲೆ ಅಷ್ಟು ಮಾತು.

"ಕಾಕುಗ ಹೇಳೂದು ಎರಡ ಮಾತಿನಾಗ ಮುಗೀತಲ್ಲ. ನನ್ನ ಜಡ್ಡಿಂದು ನಿನಗ ಅಷ್ಟ ನಾಚಿಕಿ ಇತ್ತೇನ?"

"ಇತ್ತು" ಎಂದೆ. ಅವಳಿಗೆ ಇನ್ನೊಂದು ಸುಳ್ಳು ಹೇಳಲು ನನ್ನಿಂದಾಗಲಿಲ್ಲ.

ಅಕ್ಕ ನನ್ನ ಕಡೆ ತಿರುಗಲಿಲ್ಲ. ಗುಳಿಗೆಗಾಗಿ ಕೈಯನ್ನಷ್ಟೇ ಹಿಂದಕ್ಕೆ ಚಾಚಿದಳು.